ಕೇಳಿಸದೆ ಅಂದ ಊಂ

ನನ್ನ ಕಿವಿಯ ಕತೆ ಬರೆಯುತ್ತೇನೆ ಎಂದಾಗ ಹೆಂಡತಿ ಶಾರದಮ್ಮ, ಮೊದಲು ನಿಮ್ಮ ಬಾಯಿಯ ಕತೆ ಬರೆಯಿರಿ, ಕಿವಿ ಪಾಪ ಏನು ಮಾಡಿತು ಎಂದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ಕಾಯಿಲೆ ಶುರುವಾದದ್ದು ಕಿವಿಯಲ್ಲಿ, ಅನಾಹುತ ಮಾಡಿದ್ದು ಬಾಯಿ. ಒಂದೇ ಒಂದು ಅಕ್ಷರದಿಂದ ನಾನು ಮಗಳ ಬದುಕನ್ನು ಕೆಡಿಸಲು ಹೊರಟಿದ್ದೆ. ನನ್ನಂತೆ ಗಲಾಟೆಯ ನಡುವೆ ಸುಮ್ಮನೆ ತಲೆಯಾಡಿಸುತ್ತ ಕೂತಿರುವ ಹಿರಿಯರು ಊರಿಗೆ ಹತ್ತು ಜನ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಮನೆಯವರು ಓದಿದರೂ ನಷ್ಟವಿಲ್ಲ.

ನಾನು ನಾಗಮಂಗಲದ ನಂಜುಂಡಾಚಾರಿ, ಕಂಚಿನ ಕೆಲಸದವನು. ಗಂಟೆ, ದೀಪ, ಆರತಿ ಮಾಡುತ್ತೇನೆ. ಮೊದಲು ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಎರೆಯುವುದು ನಮ್ಮ ಪದ್ಧತಿ. ಎರಕ ಆರಿದ ಮೇಲೆ ಗಂಟೆಯನ್ನು ದಾರಕ್ಕೆ ನೇತುಹಾಕಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತೇನೆ. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಬಿರುಕಿದ್ದರೂ ನನಗೆ ಗೊತ್ತಾಗುತ್ತದೆ. ಅರವತ್ತೆರಡನೆಯ ವಯಸ್ಸಿನಲ್ಲೂ ಗೊತ್ತಾಗುತ್ತಿತ್ತು. ಆದ್ದರಿಂದ ನನ್ನ ಕಿವಿ ಮಂದವಾಗಿದೆ ಎಂದು ಯಾರಾದರೂ ಅಂದರೆ ನಾನು ಗಂಟೆ ತೋರಿಸುತ್ತಿದ್ದೆ. ಬಿರುಕು ಕೇಳುವ ಕಿವಿಗೆ ಮಾತು ಕೇಳದೆ ಇರುತ್ತದೆಯೇ ಎಂಬುದು ನನ್ನ ವಾದ.

ಕೇಳದೆ ಇರುತ್ತದೆ. ಅಂಗಡಿಯಲ್ಲಿ ಒಬ್ಬರೇ ಎದುರು ಕೂತು ಮಾತಾಡಿದರೆ ಒಂದಕ್ಷರ ತಪ್ಪುತ್ತಿರಲಿಲ್ಲ. ನಾಲ್ಕು ಜನ ಸೇರಿದರೆ ಸಾಕು, ಎಲ್ಲರ ದನಿಯೂ ಕಿವಿಗೆ ಬೀಳುತ್ತಿತ್ತು, ಯಾರ ಮಾತೂ ಕೈಗೆ ಸಿಗುತ್ತಿರಲಿಲ್ಲ. ಒಂದು ಸಲ ಕೃಷ್ಣರಾಜಪೇಟೆಯ ಸಂತೆಯಲ್ಲಿ ಒಬ್ಬರು ಪೂಜಾರಿ ಧೂಪಾರತಿಗೆ ಹೇಳಿದರು. ನಾನು ದೀಪಾರತಿ ಮಾಡಿಕೊಂಡು ಹೋದೆ, ಅದೂ ಐದು ಬತ್ತಿಯದು. ಪೂಜಾರಿ ಮುಖ ನೋಡಿದರು. ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಮಾತಾಡಿದರೆ ಹೀಗೇ ಆಗುವುದು ಎಂದು ಅವರನ್ನೇ ಬೈದು ಬಂದೆ. ಆಮೇಲೆ ಶಾರದಮ್ಮ ಹೇಳಿದಳು, ಆ ಪೂಜಾರಿ ಎಲೆಯಡಿಕೆ ಹಾಕುವವರೇ ಅಲ್ಲವಂತೆ.

ಮದುವೆಮನೆ, ಬಸ್‌ಸ್ಟ್ಯಾಂಡು, ಹೋಟೆಲು ಮೂರೂ ನನಗೆ ಬೇಡವಾದವು. ಈಗಿನವರಿಗೆ ಬಾಯಿ ಬಿಟ್ಟು ಮಾತಾಡುವುದೇ ಗೊತ್ತಿಲ್ಲ ಎಂದು ಗೊಣಗುತ್ತಿದ್ದೆ. ಹೋಗಲೇಬೇಕಾದ ಕಡೆ ಒಂದು ಉಪಾಯ ಕಂಡುಕೊಂಡಿದ್ದೆ. ಎದುರಿನವರ ಬಾಯಿ ನಿಂತು ಹುಬ್ಬು ಮೇಲೆ ಹೋದರೆ ಅದು ಪ್ರಶ್ನೆ. ಆಗ ನಗುಮುಖ ಮಾಡಿ 'ಊಂ' ಅನ್ನುವುದು. ಹತ್ತರಲ್ಲಿ ಒಂಬತ್ತು ಸಲ ಅದು ನಡೆದುಬಿಡುತ್ತಿತ್ತು. ಜನ ಕೇಳುವುದೇ ಊಟ ಆಯಿತೇ, ಮಳೆ ಬಂತೇ ಅಂತ. ನಮ್ಮ ಕಡೆಯವರು ಹಕಾರವನ್ನು ನುಂಗಿಬಿಡುತ್ತೇವೆ, ಹಾಲು ಆಲಾಗುತ್ತದೆ, ಹೂಂ ಎಂಬುದು ಊಂ ಆಗುತ್ತದೆ. 'ಊಹೂಂ' ಒಂದರಲ್ಲಿ ಮಾತ್ರ ಹಕಾರ ಉಳಿಸಿಕೊಂಡಿದ್ದೇವೆ. ಇಲ್ಲ ಅನ್ನಲು ಸ್ವಲ್ಪ ಹೆಚ್ಚು ಉಸಿರು ಬೇಕಾಗುತ್ತದೆ.

ಇನ್ನು ಮಗಳ ವಿಷಯ. ನಮಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಶ್ರೀರಂಗಪಟ್ಟಣಕ್ಕೆ ಕೊಟ್ಟಿದ್ದೇವೆ. ಚಿಕ್ಕವಳು ಪದ್ಮ, ಲಂಗ ಹಾಕುವ ವಯಸ್ಸಿನಿಂದಲೂ ನನ್ನ ಪಕ್ಕದಲ್ಲಿ ಕೂತು ಮೇಣ ತಿದ್ದಿದವಳು. ನನ್ನ ಕೈಯಲ್ಲಿ ಹಂಸ ಬಾತುಕೋಳಿಯ ಹಾಗೆ ಕಾಣುತ್ತದೆ, ಅವಳ ಕೈಯಲ್ಲಿ ಕತ್ತು ಬಾಗಿಸಿ ನೋಡುತ್ತದೆ. ನಮ್ಮ ಜನದಲ್ಲಿ ಹೆಂಗಸರು ಈ ಕೆಲಸಕ್ಕೆ ಕೈ ಹಾಕುವುದು ಕಡಿಮೆ. ಯಾರು ಏನೇ ಅಂದರೂ ನಾನು ಅವಳನ್ನು ಎಬ್ಬಿಸಲಿಲ್ಲ. ಗಂಡು ನೋಡಲು ಶುರುಮಾಡಿದಾಗ ಅವಳು ಕೇಳಿದ್ದು ಒಂದೇ, ಮದುವೆಯಾದ ಮೇಲೂ ಕೆಲಸ ಬಿಡಿಸಬಾರದು ಅಂತ. "ಮೇಣ ಬುಡಿಸೋ ಮನೆಗೆ ನಿನ್ನ ಕೊಡಾಕಿಲ್ಲ ಕನವ್ವ" ಎಂದು ಅವಳ ತಲೆ ಮುಟ್ಟಿ ಹೇಳಿದ್ದೆ.

ಪಾಂಡವಪುರದ ಸಂಬಂಧ ಕೂಡಿ ಬಂತು. ಹುಡುಗ ಲೋಕೇಶ, ಮರದ ಕೆತ್ತನೆಯವನು. ಅವನ ತಂದೆ ಚೆನ್ನಾಚಾರಿ ಮೆತ್ತಗಿನ ಮನುಷ್ಯ. ಮನೆಯನ್ನು ನಡೆಸುವವರು ಅವರ ಅಕ್ಕ ಪುಟ್ಟತಾಯಮ್ಮ. ಹುಡುಗನ ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದ್ದೂ ಆಕೆಯೇ. ಒಪ್ಪಿಗೆ ಶಾಸ್ತ್ರಕ್ಕೆ ನಾವು ಪದ್ಮಳನ್ನೂ ಕರೆದುಕೊಂಡು ಅವರ ಮನೆಗೆ ಹೋದೆವು. ಮನೆಯ ಗೋಡೆಗೆ ಅಂಟಿಕೊಂಡು ಹಿಟ್ಟಿನ ಗಿರಣಿ. ರಾಗಿ ಬೀಸುವ ಸದ್ದು ಒಂದೇ ಸಮನೆ ಬರುತ್ತಿತ್ತು. ಅದನ್ನು ಮೀರಿಸಲು ನಡುಮನೆಯಲ್ಲಿ ಕೂತ ಇಪ್ಪತ್ತು ಜನ ಏರುದನಿಯಲ್ಲಿ ಮಾತಾಡುತ್ತಿದ್ದರು. ಅವರಿಗೆಲ್ಲ ಅದು ದಿನದ ಅಭ್ಯಾಸ.

ಪುಟ್ಟತಾಯಮ್ಮ ಎದುರಿಗೆ ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಎಲೆಯಡಿಕೆ ಅಗಿಯುತ್ತ ನನಗೆ ಏನೋ ಹೇಳಿದರು. ಮೊದಲಿನ 'ಮದ್ವೆ' ಸಿಕ್ಕಿತು. ಕೊನೆಯ 'ಒಪ್ಗೆ ತಾನೆ' ಸಿಕ್ಕಿತು. ನಡುವಿನದನ್ನು ಗಿರಣಿ ಬೀಸಿ ಹಿಟ್ಟು ಮಾಡಿತು. ಅವರ ಹುಬ್ಬು ಮೇಲೆ ಹೋಯಿತು. ಮದುವೆಗೆ ಒಪ್ಪಿಗೆ ತಾನೆ ಎಂದು ಕೇಳುತ್ತಿದ್ದಾರೆ, ಇದಕ್ಕೇ ಅಲ್ಲವೇ ನಾವು ಬಂದಿರುವುದು ಎಂದುಕೊಂಡು ನಗುತ್ತ, "ಊಂ" ಎಂದೆ. ಸಾಲದು ಎಂದು ಇನ್ನೊಂದು ಸಲ ಗಟ್ಟಿಯಾಗಿ, "ಊಂ, ಊಂ" ಎಂದೆ. ಎಲ್ಲರೂ ತೃಪ್ತಿಯಿಂದ ತಲೆಯಾಡಿಸಿದರು. ತಾಂಬೂಲ ಬದಲಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪದ್ಮ ನನ್ನ ಹತ್ತಿರ ಕೂರಲಿಲ್ಲ, ಊರು ಬರುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದಳು. ಮದುವೆ ಗೊತ್ತಾದ ಹುಡುಗಿ, ಹಾಗೇ ಇರುತ್ತಾಳೆ ಬಿಡು ಎಂದುಕೊಂಡೆ.

ಮೂರು ದಿನವಾದರೂ ಅವಳು ಅಂಗಡಿಯ ಕಡೆ ಬರಲಿಲ್ಲ. ತೂಗುದೀಪಕ್ಕೆ ಅರ್ಧ ತಿದ್ದಿದ್ದ ಹಂಸ ಹಲಗೆಯ ಮೇಲೆ ಕತ್ತಿಲ್ಲದೆ ಕೂತಿತ್ತು. ಯಾಕವ್ವ ಎಂದು ಕೇಳಿದರೆ, ಇನ್ನು ಯಾಕೆ ಎಂದಳು. ಅಡುಗೆಮನೆಯಿಂದ ಶಾರದಮ್ಮ ಬಂದು ವಿಷಯ ಹೇಳಿದಳು. ಪಾಂಡವಪುರದಲ್ಲಿ ಪದ್ಮ ಒಳಬಾಗಿಲ ಹಿಂದೆಯೇ ನಿಂತಿದ್ದಳಂತೆ. ಪುಟ್ಟತಾಯಮ್ಮ ಕೇಳಿದ್ದು ಹೀಗೆ, "ಮದ್ವೆ ಆದ್ಮೇಲೆ ಎಣ್ಣು ಮೇಣ ಗೀಣ ಮುಟ್ಟಂಗಿಲ್ಲ. ಕುಲುಮೆ ಕೆಲ್ಸ ಗಂಡುಸ್ರುದು. ಒಪ್ಗೆ ತಾನೆ?"

ಪದ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಊಂ ಅಂದಿದ್ದು ನಿಜ್ವೇನಪ್ಪ?"

ಕೇಳಿಸಲಿಲ್ಲ ಮಗಳೇ ಎನ್ನಬೇಕಿತ್ತು, ಎರಡೇ ಮಾತು. ಅದು ನನ್ನ ಬಾಯಿಂದ ಬರಲಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ ಕಿವುಡ ಕರಿಯಣ್ಣ ಎಂಬ ಮುದುಕನಿದ್ದ. ನಾವು ಹುಡುಗರು ಅವನ ಮುಂದೆ ನಿಂತು ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದೆವು. ಅವನು ಕಿವಿಗೆ ಕೈ ಇಟ್ಟು ಬಗ್ಗಿದರೆ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ಒಪ್ಪಿಕೊಂಡರೆ ಇನ್ನು ಬೀದಿಯಲ್ಲಿ ನಾನು ಕಿವುಡಾಚಾರಿ, ಗಂಟೆ ಮಾಡುವ ಕಿವುಡಾಚಾರಿ. ಆ ಹೆಸರಿಗೆ ಹೆದರಿ ಮಗಳ ಎದುರು ಸುಳ್ಳು ಹೇಳಿದೆ.

"ಊಂ, ಅಂದೆ. ಯೋಚ್ನೆ ಮಾಡೇ ಅಂದೆ."

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಹಲಗೆಯ ಮೇಲಿದ್ದ ಹಂಸವನ್ನು ತೆಗೆದು ಮೇಣದ ಮಡಕೆಗೆ ಹಾಕಿ ಮುಚ್ಚಳ ಮುಚ್ಚಿ ಒಳಗೆ ಹೋದಳು. ಆ ಮುಚ್ಚಳದ ಸದ್ದು ಮಾತ್ರ ನನಗೆ ಬಹಳ ಚೆನ್ನಾಗಿ ಕೇಳಿಸಿತು. ಅವತ್ತು ನಾನು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಶಾರದಮ್ಮ ಕಾಫಿಯ ಲೋಟ ಹಿಡಿದು ಅಂಗಡಿಗೆ ಬಂದಳು. ಬಾಗಿಲು ಅರ್ಧ ಮುಂದೆ ಮಾಡಿ ನನ್ನೆದುರು ಕೂತಳು.

"ನಿಮ್ಗೆ ಅವತ್ತು ಕೇಳ್ಸೇ ಇಲ್ಲ. ನಂಗೊತ್ತು."

ನಾನು ರೇಗಿದೆ. ನಿನಗೆ ಹೇಗೆ ಗೊತ್ತು, ನೀನು ಒಳಗೆ ಹೆಂಗಸರ ಜೊತೆ ಕೂತಿದ್ದೆ ಎಂದೆ.

"ನಿಮ್ಗೆ ಕೇಳ್ಸಿದ್ರೆ ಜಗಳ ಆಡ್ತೀರಿ. ಕೇಳಿಸ್ದೆ ಇದ್ರೆ ನಗ್ತೀರಿ. ನಾಕು ವರ್ಸದಿಂದ ನೋಡ್ತಾ ಇವ್ನಿ" ಎಂದಳು.

ಉತ್ತರ ಇಲ್ಲದಾಗ ನನಗೆ ಕೋಪ ಬರುತ್ತದೆ. ಬೇಕಾದರೆ ಮೈಸೂರಿಗೆ ಹೋಗಿ ಕಿವಿ ತೋರಿಸುತ್ತೇನೆ, ಸರಿಯಿದೆ ಎಂದು ಅವರು ಹೇಳಿಬಿಟ್ಟರೆ ಅವತ್ತಿನ ಊಂ ಊಂನೇ, ಆಮೇಲೆ ಯಾರೂ ಕೆದಕಬಾರದು ಎಂದು ಪಂಥ ಕಟ್ಟಿದೆ. ಕಟ್ಟಿದ ಮೇಲೆ ನನಗೇ ಭಯವಾಯಿತು. ಪರೀಕ್ಷೆಯಲ್ಲಿ ಗೆದ್ದರೆ ಮಾನ ಉಳಿಯುತ್ತದೆ, ಮಗಳ ಕೆಲಸ ಹೋಗುತ್ತದೆ. ಸೋತರೆ ಮಗಳು ಉಳಿಯುತ್ತಾಳೆ, ನಾನು ಕಿವುಡ. ಶಾರದಮ್ಮ ಇದನ್ನೆಲ್ಲ ಲೆಕ್ಕ ಹಾಕಿಯೇ ನನ್ನ ಜೊತೆಗೆ ಪದ್ಮಳನ್ನು ಕಳಿಸಿದಳು.

ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೂ ಮಗಳು ಮಾತಾಡಲಿಲ್ಲ. ದಾಟಿದ ಮೇಲೂ ಆಡಲಿಲ್ಲ. ಮೈಸೂರಿನ ಕಿವಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚುಗಳು ತುಂಬಿದ್ದವು. ಅಳುವ ಮಕ್ಕಳು, ಅವರನ್ನು ಸಮಾಧಾನಪಡಿಸುವ ತಾಯಂದಿರು, ಹೆಸರು ಕೂಗುವ ಜವಾನ, ಮೇಲೆ ಕಿರ್ ಕಿರ್ ಎನ್ನುವ ಫ್ಯಾನು. ಕಿವಿ ಕೇಳದವರನ್ನೆಲ್ಲ ಇಷ್ಟು ಗಲಾಟೆಯಲ್ಲಿ ಕೂರಿಸುತ್ತಾರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನನ್ನ ಪಕ್ಕದಲ್ಲಿ ಬಿಳಿ ಪಂಚೆಯ ಒಬ್ಬ ಯಜಮಾನರಿದ್ದರು, ಪಾಲಹಳ್ಳಿಯವರಂತೆ. ಅಷ್ಟು ಸಿಕ್ಕಿತು. ಆಮೇಲೆ ಅವರು ಬಹಳ ಹೊತ್ತು ಏನೇನೋ ಹೇಳಿದರು. ನಾನು ವಾಡಿಕೆಯಂತೆ ನಗುತ್ತ ಊಂಗುಟ್ಟಿದೆ. ಕೊನೆಗೆ ಅವರು ಸುಮ್ಮನಾಗಿ ನನ್ನ ಮುಖ ನೋಡಿದಾಗ, "ಒಳ್ಳೇದಾಯ್ತು ಬುಡಿ" ಎಂದೆ. ಅವರು ಪಂಚೆ ಸರಿಮಾಡಿಕೊಂಡು ಎದ್ದು ಬೇರೆ ಬೆಂಚಿಗೆ ಹೋದರು. ಪದ್ಮ ನನ್ನ ಕಡೆ ತಿರುಗಿ ನೋಡಿದಳು. ನಾನು ಸುಳ್ಳು ಹೇಳಿದ ಮೇಲೆ ಅವಳು ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ನನ್ನ ಹೆಸರು ಕೂಗಿದರು, ಪದ್ಮ ತೋಳು ತಟ್ಟಿದಳು. ದಪ್ಪ ಬಾಗಿಲಿನ ಒಂದು ಪುಟ್ಟ ಕೋಣೆ. ಬಾಗಿಲು ಹಾಕಿದರೆ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳುವಷ್ಟು ಮೌನ. ಗಾಜಿನ ಆಚೆ ಪರೀಕ್ಷೆ ಮಾಡುವ ಮೇಡಂ, ಅವರ ಪಕ್ಕ ಸ್ಟೂಲಿನ ಮೇಲೆ ಪದ್ಮ. ಕಿವಿಗೆ ಯಂತ್ರ ಹಾಕಿದರು. ಸಣ್ಣಗೆ ಸೀಟಿ ಕೇಳಿದರೆ ಬೆರಳೆತ್ತಬೇಕು. ನಾನು ಗಂಟೆಯ ಬಿರುಕು ಕೇಳುವವನು, ಬಿಡುತ್ತೇನೆಯೇ! ಎತ್ತಿದೆ, ಎತ್ತುತ್ತಲೇ ಇದ್ದೆ. ಆಮೇಲೆ ಮೇಡಂ ಒಂದೊಂದೇ ಪದ ಹೇಳಿದರು, ನಾನು ಹಾಗೇ ಹೇಳಿದೆ. ಮೇಡಂ ಬಾಗಿಲು ತೆಗೆದು, ಕೀಚಲು ದನಿಗಳು ಸ್ವಲ್ಪ ಮಂದವಾಗಿವೆ, ನಿಮ್ಮ ವಯಸ್ಸಿಗೆ ಇದು ಪರವಾಗಿಲ್ಲ ಎಂದರು.

ಗೆದ್ದಿದ್ದೆ. ಗಾಜಿನ ಆಚೆ ಪದ್ಮ ತಲೆ ತಗ್ಗಿಸಿ ಕೂತಿದ್ದಳು. ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ಇಷ್ಟು ಕೆಟ್ಟ ಗೆಲುವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಆಗ ನಾಚಿಕೆ ಬಿಟ್ಟು ಮೇಡಂಗೆ ಮೆಲ್ಲಗೆ ಹೇಳಿದೆ, "ಇಂಗೆ ಕೇಳ್ತದೆ ತಾಯಿ. ಜನ ಇದ್ರೆ ಕೇಳಾಕಿಲ್ಲ." ನಾಲ್ಕು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಗಾಜಿನ ಆಚೆ ಇದ್ದವಳಿಗೆ ಅದು ಕೇಳಿಸಲಿಲ್ಲ. ಮೇಡಂ ನಗಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಹಾಗಾದರೆ ಇನ್ನೊಂದು ಪರೀಕ್ಷೆ ಇದೆ ಎಂದು ಮತ್ತೆ ಬಾಗಿಲು ಹಾಕಿದರು.

ಈ ಸಲ ಕಿವಿಯ ಯಂತ್ರದೊಳಗೆ ಒಂದು ಜನಜಂಗುಳಿ ಬಂತು. ಹತ್ತಾರು ಜನ ಒಟ್ಟಿಗೆ ಮಾತಾಡುತ್ತಿದ್ದರು, ಯಾರು ಏನು ಎಂದು ತಿಳಿಯದು. ಅದರ ಹಿಂದೆ ಎಲ್ಲೋ ಮೇಡಂ ದನಿ. ಅವರು ತಟ್ಟೆ ಎಂದರಂತೆ, ನಾನು ಕಟ್ಟೆ ಎಂದೆ. ಅವರು ಚಾಕು ಎಂದರು, ನಾನು ಸಾಕು ಎಂದೆ. ಪಾಪ, ಅವರು ನನಗೆ ದಣಿವಾಯಿತೆಂದು ಯಂತ್ರ ನಿಲ್ಲಿಸಿ, ಸಾಕಾ ಯಜಮಾನರೇ ಎಂದು ಕೇಳಿದರು. ಮತ್ತೆ ಶುರುವಾಯಿತು. ಗಲಾಟೆ ಇನ್ನಷ್ಟು ಹೆಚ್ಚಿತು. ಒಂದು ಪದವೂ ಸಿಗದೆ ಬೆವರಿದೆ. ಗಾಜಿನ ಆಚೆ ಮೇಡಂ ಹುಬ್ಬು ಮೇಲೆ ಹೋಯಿತು. ನನಗೇ ತಿಳಿಯದೆ ಮುಖದ ಮೇಲೆ ನಗು ಬಂತು, ಬಾಯಿಂದ "ಊಂ" ಎಂದು ಬಂತು. ಅವರು ಇನ್ನೊಂದು ಪದ ಹೇಳಿದರು. "ಊಂ, ಊಂ" ಎಂದೆ.

ಯಂತ್ರ ನಿಂತಿತು. ಊಂ ಅನ್ನಬೇಡಿ, ಪದ ಹೇಳಿ ಎಂದು ಮೇಡಂ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಪದ್ಮ ಸ್ಟೂಲಿನಿಂದ ಎದ್ದು, ಬಾಗಿಲು ತಳ್ಳಿಕೊಂಡು ನನ್ನೆದುರು ಬಂದು ನಿಂತಳು. ಕಣ್ಣಲ್ಲಿ ನೀರಿತ್ತು.

"ಅಪ್ಪಾ, ಪಾಂಡವಪುರದಲ್ಲೂ ಇಂಗೇ ಅಂದ್ಯಾ?"

"ಇಂಗೇ ಅಂದೆ ಕನವ್ವ" ಎಂದೆ.

ಅವಳು ನನ್ನ ಭುಜದ ಮೇಲೆ ಕೈ ಇಟ್ಟು ಅತ್ತಳು, ಜೊತೆಗೇ ನಕ್ಕಳು. ಮೇಡಂ ಪಾಪ, ನಮ್ಮ ಮನೆಯ ಸಮಾಚಾರ ಏನೂ ಗೊತ್ತಿಲ್ಲದೆ, ಗಾಬರಿಯಾಗಬೇಡಿ, ಇದು ಅಂಥ ದೊಡ್ಡ ಕಾಯಿಲೆಯಲ್ಲ ಎಂದು ನಮ್ಮಿಬ್ಬರಿಗೂ ನೀರು ತಂದುಕೊಟ್ಟರು.

ಆಮೇಲೆ ಅವರು ಹೇಳಿದ್ದು ನನಗೆ ನೆನಪಿರುವಷ್ಟು ಇದು. ಕಿವಿ ಸದ್ದನ್ನು ತರುತ್ತದೆ, ಮಾತನ್ನು ಗಲಾಟೆಯಿಂದ ಜರಡಿ ಹಿಡಿದು ತೆಗೆಯುವ ಕೆಲಸ ಬೇರೆ, ನನ್ನ ಜರಡಿ ಸವೆದಿದೆ. ವಯಸ್ಸಾದವರಲ್ಲಿ ಇದು ಬಹಳ ಜನಕ್ಕೆ ಇರುತ್ತದೆ, ದಡ್ಡತನವಲ್ಲ, ಅರಳುಮರಳಲ್ಲ. ಜೇಬಿನಲ್ಲಿಟ್ಟುಕೊಳ್ಳುವ ಯಂತ್ರವೊಂದನ್ನು ಹಾಕಿ ನೋಡಿದರು. ಅದು ಮಾತಿನ ಜೊತೆಗೆ ಗಲಾಟೆಯನ್ನೂ ದೊಡ್ಡದು ಮಾಡಿತು. ಸದ್ಯಕ್ಕೆ ಬೇಡ, ಮುಂದೆ ನೋಡೋಣ ಎಂದರು. ಮಾತಾಡುವವರ ಮುಖ ನೋಡಿ, ಬೆಳಕಿನಲ್ಲಿ ಕೂರಿಸಿ, ಕೇಳಿಸದಿದ್ದರೆ ಇನ್ನೊಂದು ಸಲ ಹೇಳಿ ಅನ್ನಿ, ಅದಕ್ಕೆ ನಾಚಬೇಡಿ ಎಂದರು. ಇದಕ್ಕಾಗಿ ಮೈಸೂರಿಗೆ ಬರಬೇಕಾಯಿತೇ ಅನ್ನಿಸಿತು. ಬರಬೇಕಾಗಿತ್ತು, ಹೌದು.

ಹೊರಗೆ ಬಂದ ಮೇಲೆ ಪದ್ಮ ನಿಂತು ಇನ್ನೊಂದು ವಿಷಯ ಹೇಳಿದಳು. ಪಾಲಹಳ್ಳಿಯ ಯಜಮಾನರು ನನಗೆ ಹೇಳಿದ್ದು ಅವರ ಹೆಂಡತಿಯ ಸಾವಿನ ಸುದ್ದಿಯಂತೆ. ಹೋದ ತಿಂಗಳು ತೀರಿಕೊಂಡರಂತೆ, ಇಷ್ಟು ದಿನ ಎಲ್ಲರ ಮಾತನ್ನೂ ಇವರ ಕಿವಿಗೆ ತಲುಪಿಸುತ್ತಿದ್ದವರು ಆಕೆಯೇ. ಅದಕ್ಕೆ ನಾನು ನಗುತ್ತ ಒಳ್ಳೆಯದಾಯಿತು ಬಿಡಿ ಎಂದಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಇನ್ನೂ ಆ ಬೆಂಚಿನ ಮೇಲೇ ಕೂತಿದ್ದರು. ಹೋಗಿ ಎದುರಿಗೆ ನಿಂತು ಕೈಮುಗಿದೆ. ಗಲಾಟೆಯಲ್ಲಿ ಕೇಳಿಸಲಿಲ್ಲ ಯಜಮಾನರೇ, ತಪ್ಪಾಯಿತು, ವಸಿ ಹೊರಗೆ ಬನ್ನಿ, ಇನ್ನೊಂದು ಸಲ ಹೇಳಿ ಎಂದೆ. ಅವರಿಗೂ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಹೊಂಗೆಮರದ ಕೆಳಗೆ ಕೂತು ಅವರು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಬೇಜಾರಿನಿಂದಲ್ಲ, ಇನ್ನೊಂದು ಸಲ ಹೇಳಲು ಸಿಕ್ಕಿತಲ್ಲ ಎನ್ನುವಂತೆ ಹೇಳಿದರು. ಕೇಳಿಸಲಿಲ್ಲ ಎಂದರೆ ಜನ ನಗುತ್ತಾರೆ ಎಂದು ಅಷ್ಟು ವರ್ಷ ಹೆದರಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

ಇನ್ನು ಪಾಂಡವಪುರ. ಇಪ್ಪತ್ತು ಜನರ ಎದುರು ಕೊಟ್ಟ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ಸಂಬಂಧ ಮುರಿಯಬಹುದಿತ್ತು. ಮುರಿದರೆ ಮುರಿಯಲಿ ಅಪ್ಪ ಎಂದು ಪದ್ಮ ಅಂದಳು, ಅನ್ನುವಾಗ ಅವಳ ಮುಖ ಸಣ್ಣದಾಗಿತ್ತು. ಹುಡುಗ ಅವಳಿಗೆ ಇಷ್ಟವಾಗಿದ್ದಾನೆಂದು ಆಗ ನನಗೆ ತಿಳಿಯಿತು.

ಆ ವರ್ಷ ಕರೆಂಟು ಹೋಗುವುದಕ್ಕೂ ಒಂದು ಹೊತ್ತು ಗೊತ್ತುಮಾಡಿದ್ದರು. ಪಾಂಡವಪುರದಲ್ಲಿ ಮಧ್ಯಾಹ್ನ ಎರಡಕ್ಕೆ ಹೋಗುತ್ತದೆ ಎಂದು ವಿಚಾರಿಸಿಕೊಂಡು, ಶಾರದಮ್ಮನ ಜೊತೆ ಒಂದೂವರೆಗೇ ಹೋಗಿ ಕೂತೆ. ಆಗ ಎಲ್ಲರೂ ಲೋಡ್ ಶೆಡ್ಡಿಂಗನ್ನು ಬೈಯುತ್ತಿದ್ದರು. ಅವತ್ತು ಇಡೀ ತಾಲ್ಲೂಕಿನಲ್ಲಿ ಅದಕ್ಕಾಗಿ ಕಾದು ಕೂತವನು ನಾನೊಬ್ಬನೇ ಇರಬೇಕು. ಗಿರಣಿ ಓಡುತ್ತಿರುವಷ್ಟು ಹೊತ್ತು ನಾನು ಬಾಯಿ ಬಿಡಲಿಲ್ಲ. ಚೆನ್ನಾಚಾರಿ ಒಂದೆರಡು ಮಾತಾಡಿಸಿ ಸುಮ್ಮನಾದರು. ಪುಟ್ಟತಾಯಮ್ಮ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಅನುಮಾನದಿಂದ ನೋಡುತ್ತಿದ್ದರು. ಬಾಗಿಲಲ್ಲಿ ಲೋಕೇಶ ನಿಂತಿದ್ದ.

ಎರಡು ಹೊಡೆಯಿತು. ಗಿರಣಿ ಎಳೆದು ಎಳೆದು ನಿಂತಿತು. ಆ ಮನೆಯ ಗೋಡೆಗಡಿಯಾರದ ಸದ್ದು ನನಗೆ ಅವತ್ತೇ ಮೊದಲು ಕೇಳಿಸಿದ್ದು. ನಾನು ಹೇಳಬೇಕಾದ್ದನ್ನು ಹೇಳಿದೆ. ಗಲಾಟೆಯಲ್ಲಿ ನನಗೆ ಮಾತು ತಿಳಿಯುವುದಿಲ್ಲ, ಅವತ್ತು ನೀವು ಕೇಳಿದ್ದು ನನಗೆ ತಿಳಿಯಲಿಲ್ಲ, ತಿಳಿಯದೆ ಊಂ ಎಂದೆ, ಆಮೇಲೆ ಮಗಳ ಹತ್ತಿರವೂ ಸುಳ್ಳು ಹೇಳಿದೆ ಎಂದೆ. ಪುಟ್ಟತಾಯಮ್ಮ ಎಲೆಯನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡರು.

"ಮಾತು ಆಡಿದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು ಅಂತಾರೆ ಆಚಾರ್ರೇ. ಇಪ್ಪತ್ ಜನದ ಮುಂದೆ ಅಂದಿದ್ದೀರಿ."

"ಮುತ್ತು ಒಡುದ್ರೆ ಓಯ್ತು, ನಿಜ ಕನವ್ವ. ನಾನು ಕಂಚಿನೋನು. ಗಂಟೆ ಬಿರುಕು ಬುಟ್ರೆ ಗಿರಾಕಿ ಕೈಗೆ ಕೊಡಾಕಿಲ್ಲ. ಕರಗ್ಸಿ ಇನ್ನೊಂದ್ಸಲ ಎರೀತೀನಿ. ಅದ್ಕೇ ಬಂದಿವ್ನಿ. ಅವತ್ತು ಕೇಳಿದ್ದನ್ನ ಇನ್ನೊಂದ್ಸಲ ಕೇಳಿ."

ಆಕೆ ನೆಟ್ಟಗೆ ಕೂತರು. ಆಮೇಲೆ, ಪಂಚಾಯಿತಿಯಲ್ಲಿ ಕೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಕೇಳಿದರು, ಮದುವೆಯಾದ ಮೇಲೆ ಹೆಣ್ಣು ಮೇಣ ಮುಟ್ಟುವಂತಿಲ್ಲ, ಒಪ್ಪಿಗೆ ತಾನೆ ಎಂದು. ಪ್ರತಿ ಅಕ್ಷರವೂ ಕೇಳಿಸಿತು. ಮಗಳ ಮುಖ ಕಣ್ಣೆದುರು ಬಂತು. ಉಸಿರು ಎಳೆದುಕೊಂಡೆ.

"ಊಹೂಂ" ಎಂದೆ.

ಶಾರದಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಚೆನ್ನಾಚಾರಿ ನೆಲ ನೋಡುತ್ತಿದ್ದರು. ಬಾಗಿಲಲ್ಲಿದ್ದ ಲೋಕೇಶ ಆಗ ಬಾಯಿ ಬಿಟ್ಟ. ಹುಡುಗಿಯನ್ನು ನೋಡುವ ಮೊದಲೇ ಅವಳು ತಿದ್ದಿದ ದೀಪವನ್ನು ಮೇಲುಕೋಟೆಯಲ್ಲಿ ಒಬ್ಬರ ಮನೆಯಲ್ಲಿ ನೋಡಿದ್ದನಂತೆ, ಅದನ್ನು ಮಾಡಿದ ಕೈ ಎಂದೇ ಒಪ್ಪಿದ್ದನಂತೆ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಅತ್ತೆ ಗದರಿದರು. "ಎಣ್ಣಿನ್ ಅಪ್ಪನೇ ಊಂ ಅಂದ್ಮೇಲೆ ನಾನೇನ್ ಯೋಳ್ಲಿ ಅತ್ತೆ?" ಎಂದ. ನನ್ನ ಒಂದು ಊಂ ಎಷ್ಟು ಜನರ ಬಾಯಿ ಮುಚ್ಚಿಸಿತ್ತು ಎಂದು ಆಗ ಗೊತ್ತಾಯಿತು.

ಪುಟ್ಟತಾಯಮ್ಮ ಯೋಚಿಸುತ್ತ ಎಲೆಯನ್ನು ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಅವತ್ತಿನ ಗ್ರಹಚಾರ, ಕರೆಂಟು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತು. ಗಿರಣಿ ಶುರುವಾಯಿತು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದರು. ನನಗೆ ಒಂದಕ್ಷರವೂ ಸಿಗಲಿಲ್ಲ. ಅವರ ಹುಬ್ಬು ಮೇಲೆ ಹೋಯಿತು. ಆ ಹಾಳು ನಗು ನನ್ನ ತುಟಿಗೆ ಬಂತು, ಊಂ ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡೆ.

"ಕೇಳಿಸ್ಲಿಲ್ಲ ಕನವ್ವ. ಇನ್ನೊಂದ್ಸಲ ಯೋಳಿ" ಎಂದೆ.

ಆಕೆ ಎದ್ದು ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು. ಮಣೆ ಎಳೆದುಕೊಂಡು ನನ್ನ ಮುಖದ ಎದುರೇ ಕೂತು, ಕೈ ಅಡ್ಡ ಇಡದೆ ಹೇಳಿದರು.

"ಮಾಡ್ಲಿ ಬುಡಿ ಅಂದೆ. ಇತ್ಲಲ್ಲಿ ಕುಲುಮೆ ಆಕ್ಕೊಡ್ತೀವಿ. ಮನೆ ಒಳೀಕೆ ಒಗೆ ಬರಕೂಡ್ದು, ಅಷ್ಟೇಯ. ಕೇಳಿಸ್ತಾ?"

ಕೇಳಿಸಿತು ತಾಯಿ ಎಂದು ಕೈಮುಗಿದೆ. ಇನ್ನೂ ನಂಬಿಕೆ ಬಾರದೆ ಆಕೆ, ಏನು ಕೇಳಿಸಿತು ಹೇಳಿ ನೋಡೋಣ ಎಂದರು. ಹಿತ್ತಲಲ್ಲಿ ಕುಲುಮೆ, ಮನೆಯೊಳಗೆ ಹೊಗೆ ಬರಬಾರದು ಎಂದು ಒಪ್ಪಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆ ಎಂದು ಗೊತ್ತಿದ್ದು ನಕ್ಕೆ.

ಮದುವೆಯಾಗಿ ಈಗ ಮೂರು ವರ್ಷ. ನನ್ನ ಜರಡಿ ಇನ್ನಷ್ಟು ಸವೆದಿದೆಯೇ ಹೊರತು ರಿಪೇರಿಯಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ ಅವರ ತೋಳು ಹಿಡಿದು ಗೋಡೆಯ ಮೂಲೆಗೆ ಕರೆದುಕೊಂಡು ಹೋಗುತ್ತೇನೆ. ಮದುವೆಮನೆಯಲ್ಲಿ ವಾಲಗದಿಂದ ದೂರ, ಅಡುಗೆಯವರ ಹತ್ತಿರ ಕೂರುತ್ತೇನೆ. ಅಲ್ಲಿ ಮಾತು ಸಿಗದಿದ್ದರೂ ಬಿಸಿ ಬೋಂಡ ಸಿಗುತ್ತದೆ. ಬೀದಿಯಲ್ಲಿ ಕೆಲವರು ಕಿವುಡಾಚಾರಿ ಅನ್ನುವುದೂ ಉಂಟು. ಯಾವುದಕ್ಕೆ ಹೆದರಿದ್ದೆನೋ ಅದು ಬಂತು, ಬಂದ ಮೇಲೆ ಅಷ್ಟೇನೂ ಭಾರವಿಲ್ಲ. ಹಾಗೆ ಕರೆದವರಿಗೆ ಇನ್ನೊಂದು ಸಲ ಹೇಳಿ ಅನ್ನುತ್ತೇನೆ, ಎರಡನೆಯ ಸಲ ಅನ್ನಲು ಅವರಿಗೇ ನಾಚಿಕೆ.

ಹೋದ ತಿಂಗಳು ಪದ್ಮ ಬಂದಿದ್ದಳು. ಪಾಂಡವಪುರದ ಹಿತ್ತಲಲ್ಲಿ ತಾನೇ ತಿದ್ದಿ, ತಾನೇ ಎರೆದ ಮೊದಲ ಗಂಟೆಯನ್ನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಹಿಡಿಯ ಮೇಲೆ ಕತ್ತು ಬಾಗಿಸಿದ ಹಂಸ. ದಾರಕ್ಕೆ ನೇತುಹಾಕಿ ಗೆಣ್ಣಿನಿಂದ ತಟ್ಟಿದೆ. ನಾದ ಎಳೆದುಕೊಂಡು ಹೋಯಿತು, ಎಲ್ಲೂ ಮುರಿಯಲಿಲ್ಲ. ಅಷ್ಟರಲ್ಲಿ ರಜೆಗೆ ಬಂದಿದ್ದ ದೊಡ್ಡವಳ ಮಕ್ಕಳು ಕಿರುಚುತ್ತ ಒಳಗೆ ನುಗ್ಗಿದವು, ಪದ್ಮ ನನಗೆ ಏನೋ ಕೇಳಿದಳು.

"ಕೇಳಿಸ್ಲಿಲ್ಲ ಕನವ್ವ, ಇನ್ನೊಂದ್ಸಲ ಯೋಳು" ಎಂದೆ.

ಅವಳು ಹತ್ತಿರ ಬಂದು, ಬೆಳಕಿಗೆ ಮುಖ ಮಾಡಿ, ನಿಧಾನವಾಗಿ ಕೇಳಿದಳು. "ಚೆನ್ನಾಗೈತೇನಪ್ಪ?"

"ಊಂ" ಎಂದೆ. ಕೇಳಿಸಿಕೊಂಡೇ ಅಂದೆ.